ಕಿಲ್ಕೆನಿಯ ಮೂರು ಅನಿಮೇಷನ್ ಚಿತ್ರಗಳು: ಐರಿಷ್ ಜನಪದ ಎಷ್ಟು, ಸ್ಟುಡಿಯೋ ಸೇರಿಸಿದ್ದೆಷ್ಟು?

ಕಡಲಕಾಗೆ:
‘ದಿ ಸೀಕ್ರೆಟ್ ಆಫ್ ಕೆಲ್ಸ್’ (2009), ‘ಸಾಂಗ್ ಆಫ್ ದ ಸೀ’ (2014), ‘ವುಲ್ಫ್‌ವಾಕರ್ಸ್’ (2020). ಈ ಮೂರರ ಬಗ್ಗೆ ಮಾತು ಬೇರೆ ಬೇರೆ ಕಡೆ ಚದುರಿಹೋಗಿದೆ, ಇಲ್ಲಿ ಒಟ್ಟು ಮಾಡೋಣ. ಮೂರನ್ನೂ ಮಾಡಿದ್ದು ಐರ್ಲೆಂಡಿನ ಕಿಲ್ಕೆನಿ ಊರಿನಲ್ಲಿ 1999ರಲ್ಲಿ ಶುರುವಾದ ಕಾರ್ಟೂನ್ ಸಲೂನ್. ಮೂರರ ನಿರ್ದೇಶನದಲ್ಲೂ ಟಾಮ್ ಮೂರ್ ಇದ್ದಾರೆ. ಮೊದಲನೆಯದಕ್ಕೆ ನೋರಾ ಟೂಮಿ ಜೊತೆಯಾದರೆ, ಕೊನೆಯದಕ್ಕೆ ರಾಸ್ ಸ್ಟೀವರ್ಟ್.

ಕತೆಗಳು ಒಂದಕ್ಕೊಂದು ಮುಂದುವರಿಕೆ ಅಲ್ಲ. ಯಾವುದನ್ನು ಮೊದಲು ನೋಡಿದರೂ ತೊಂದರೆ ಇಲ್ಲ. ಆದರೆ ಚಿತ್ರ ಬರೆಯುವ ಆಸಕ್ತಿ ಇರುವವರು ಬಂದ ಕ್ರಮದಲ್ಲೇ ನೋಡಿ. ಗೆರೆ ಹೇಗೆ ಬೆಳೆಯಿತು ಅನ್ನುವುದು ಆಗ ಕಣ್ಣಿಗೆ ಕಟ್ಟುತ್ತದೆ. ಮಕ್ಕಳ ಜೊತೆ ನೋಡುವವರು ‘ಸಾಂಗ್ ಆಫ್ ದ ಸೀ’ಯಿಂದ ಶುರು ಮಾಡಿ. ‘ಕೆಲ್ಸ್’ನ ವೈಕಿಂಗ್ ದಾಳಿ ಸಣ್ಣ ಮಕ್ಕಳಿಗೆ ನಿಜವಾಗಿ ಭಯ ಹುಟ್ಟಿಸುತ್ತದೆ.

ನನ್ನ ವಾದ ಇಷ್ಟು: ಈ ಚಿತ್ರಗಳಲ್ಲಿ ಜನಪದ ಇರುವುದು ಕತೆಯಲ್ಲಿ ಮಾತ್ರ ಅಲ್ಲ, ಗೆರೆಯಲ್ಲಿ. ಕತೆ ಯಾವ ಕಾಲದ್ದೋ ಆ ಕಾಲದ ಕೈಬರಹ, ಅಚ್ಚು, ಕೆತ್ತನೆಯಿಂದಲೇ ಚಿತ್ರದ ರೂಪ ಹುಟ್ಟಿದೆ. ಒಪ್ಪದವರು ಹೇಳಿ. ಎಲ್ಲ ಚಿತ್ರಗಳ ಕೊನೆಯೂ ಇಲ್ಲಿ ಬಯಲಾಗುತ್ತದೆ, ನೋಡದವರು ನೋಡಿ ಬನ್ನಿ.

ತೋಳನಹೆಜ್ಜೆ:
‘ವುಲ್ಫ್‌ವಾಕರ್ಸ್’ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅದರ ಬಗ್ಗೆಯೇ. ಹಾಲಿವುಡ್ಡಿನ ತೋಳಮಾನವನನ್ನು ತಂದು ಐರ್ಲೆಂಡಿಗೆ ಅಂಟಿಸಿದ್ದಾರೆ ಅಂತ ಬಹಳ ಜನ ಬರೆದಿದ್ದಾರೆ. ಹಾಗಲ್ಲ. ಕಿಲ್ಕೆನಿ ಇರುವುದು ಹಳೆಯ ಆಸರಿ ರಾಜ್ಯದಲ್ಲಿ. ಆಸರಿಯ ತೋಳಜನರ ನಂಬಿಕೆ ಕಡಿಮೆಯೆಂದರೂ ಒಂಬೈನೂರು ವರ್ಷ ಹಿಂದಿನದು.

ಅದರ ಎರಡು ಪಾಠ ಮುಖ್ಯ. ಒಂದು, ಜೆರಾಲ್ಡ್ ಆಫ್ ವೇಲ್ಸ್ 1188ರ ಸುಮಾರಿಗೆ ಲ್ಯಾಟಿನ್‌ನಲ್ಲಿ ಬರೆದ ಐರ್ಲೆಂಡ್ ವರ್ಣನೆಯಲ್ಲಿ ಬರುವುದು. ಕಾಡಿನಲ್ಲಿ ರಾತ್ರಿ ತಂಗಿದ್ದ ಪಾದ್ರಿಯ ಹತ್ತಿರ ಒಂದು ತೋಳ ಬಂದು ಮಾತಾಡುತ್ತದೆ. ನಾವು ಆಸರಿಯವರು, ಸಂತರೊಬ್ಬರ ಶಾಪದಿಂದ ಏಳು ವರ್ಷಕ್ಕೊಮ್ಮೆ ಒಂದು ಗಂಡು ಒಂದು ಹೆಣ್ಣು ತೋಳವಾಗಿ ಊರು ಬಿಡಬೇಕು, ನನ್ನ ಜೊತೆಗಾತಿ ಸಾಯುತ್ತಿದ್ದಾಳೆ, ಬಂದು ಕೊನೆಯ ಪ್ರಾರ್ಥನೆ ಮಾಡಿ ಅನ್ನುತ್ತದೆ. ಪಾದ್ರಿ ಹಿಂಜರಿದಾಗ ಗಂಡು ತೋಳ ಹೆಣ್ಣಿನ ತೊಗಲನ್ನು ತಲೆಯಿಂದ ಕೆಳಕ್ಕೆ ಸುಲಿದು ಒಳಗಿರುವ ಮುದುಕಿಯನ್ನು ತೋರಿಸುತ್ತದೆ.

ಎರಡನೆಯದು ಅದಕ್ಕೂ ಹಳೆಯದು, 11ನೇ ಶತಮಾನದ ಡಬ್ಲಿನ್ ಬಿಷಪ್ ಪ್ಯಾಟ್ರಿಕ್ ಹೆಸರಿನಲ್ಲಿರುವ ಲ್ಯಾಟಿನ್ ಪದ್ಯ. ಚಿತ್ರ ಹತ್ತಿರ ಇರುವುದು ಇದಕ್ಕೆ. ಇದರಲ್ಲಿ ಶಾಪ ಇಲ್ಲ, ಸುಲಿಯುವುದಿಲ್ಲ. ಆ ಜನರು ಮನುಷ್ಯ ದೇಹವನ್ನು ಒಂದು ಕಡೆ ಬಿಟ್ಟು ತೋಳವಾಗಿ ಹೊರಡುತ್ತಾರೆ. ಹೊರಡುವ ಮುಂಚೆ ಮನೆಯವರಿಗೆ ‘ನಮ್ಮ ಮೈ ಅಲುಗಾಡಿಸಬೇಡಿ’ ಅಂತ ಹೇಳಿ ಹೋಗುತ್ತಾರೆ. ಅಲುಗಿಸಿದರೆ ಮರಳಿ ಬರಲಾಗದು. ತೋಳದ ಮೈಗೆ ಬಿದ್ದ ಗಾಯ ಮಲಗಿದ ದೇಹದಲ್ಲೂ ಕಾಣುತ್ತದೆ. ತಿಂದ ಹಸಿಮಾಂಸ ಬಾಯಲ್ಲಿ ಉಳಿದಿರುತ್ತದೆ.

ಈಗ ಚಿತ್ರ ನೆನಪಿಸಿಕೊಳ್ಳಿ. ಕಾಡಿನ ತೋಳಹುಡುಗಿ ಮೇವ್‌ಳ ತಾಯಿ ಮೋಲ್‌ಳ ದೇಹ ಗವಿಯಲ್ಲಿ ನಿದ್ದೆಯಲ್ಲಿದೆ, ತೋಳ ಕೋಟೆಯ ಬೋನಿನಲ್ಲಿದೆ. ಮೇವ್ ಕಚ್ಚಿದ ಊರಿನ ಹುಡುಗಿ ರಾಬಿನ್ ಹಾಸಿಗೆಯಲ್ಲಿ ಮಲಗಿದ್ದಾಳೆ, ತೋಳ ಬೀದಿಯಲ್ಲಿ ಓಡುತ್ತಿದೆ. ಕತೆಯ ಇಡೀ ಬಿಗಿ ನಿಂತಿರುವುದು ಆ ಹಳೇ ಪದ್ಯದ ನಿಯಮದ ಮೇಲೆ. ಸ್ಟುಡಿಯೋ ಸೇರಿಸಿದ್ದು ಗಾಯ ವಾಸಿ ಮಾಡುವ ಶಕ್ತಿ, ಕಚ್ಚಿದರೆ ಹರಡುವುದು, ಹಿಂಡಿನ ಯಜಮಾನಿಕೆ. ಕಚ್ಚುವ ಅಂಶವೊಂದೇ ಸಿನಿಮಾ ತೋಳಮಾನವನಿಂದ ಬಂದದ್ದು.

ಬಯಲುಸೀಮೆ:
ಹಂಗಾದ್ರ ಇದು ನಮ್ಮ ಪರಕಾಯ ಪ್ರವೇಶನ ಅಲ್ಲೇನ್ರಿ? ದೇಹ ಕಾಯಾಕ ಶಿಷ್ಯರನ್ನ ಕುಂಡ್ರಿಸಿ ಹೋಗೋದು, ಯಾರರೆ ದೇಹ ಸುಟ್ಟರ ವಾಪಸ್ ಬರಾಕ ಆಗದಿರೋದು, ಎಲ್ಲಾ ಹಂಗ ಐತಿ.

ತೋಳನಹೆಜ್ಜೆ:
ಕಾವಲಿನ ಭಾಗ ಹೌದು, ಆದರೆ ಮುಖ್ಯ ವ್ಯತ್ಯಾಸ ಒಂದಿದೆ ಬಯಲುಸೀಮೆಯವರೇ. ಪರಕಾಯ ಪ್ರವೇಶದಲ್ಲಿ ಹೊಕ್ಕುವ ದೇಹ ಇನ್ನೊಬ್ಬರದು, ಸಾಮಾನ್ಯವಾಗಿ ಸತ್ತವರದು. ಅದು ಕಲಿತ ವಿದ್ಯೆ. ಆಸರಿಯಲ್ಲಿ ತೋಳ ಬೇರೆ ಪ್ರಾಣಿ ಅಲ್ಲ, ಅದೇ ಮನುಷ್ಯನ ಇನ್ನೊಂದು ಮೈ, ಅದು ವಂಶದ್ದು. ಹಾಗಾಗಿ ರಾಬಿನ್ ‘ತೋಳದೊಳಗೆ’ ಹೋಗುವುದಿಲ್ಲ, ಅವಳು ಮಲಗಿದಾಗ ತೋಳ ಅವಳಿಂದ ಹೊರಗೆ ಬರುತ್ತದೆ. ಚಿತ್ರದಲ್ಲಿ ಆ ಕ್ಷಣವನ್ನು ಚಿನ್ನದ ಬಣ್ಣದ ಹೊಳಪಾಗಿ ಬರೆದಿದ್ದಾರೆ.

ಕಡಲಕಾಗೆ:
ಹೆಸರುಗಳನ್ನೂ ಗಮನಿಸಿ. ಐರಿಷ್ ಭಾಷೆಯಲ್ಲಿ ತೋಳಕ್ಕೆ ‘ಮಾಕ್ ತೀರ’ ಅನ್ನುತ್ತಾರೆ, ಪದಶಃ ‘ನೆಲದ ಮಗ’. ಮೇವ್‌ಳ ಮನೆತನದ ಹೆಸರೇ ಅದು. ಪೂರ್ತಿ ಹೆಸರು ಮೇವ್ ಓಗ್ ಮಾಕ್ ತೀರ: ‘ಓಗ್’ ಅಂದರೆ ಕಿರಿಯಳು, ಮೇವ್ ಕಾನಕ್ಟಿನ ಪುರಾಣದ ರಾಣಿಯ ಹೆಸರು. ಇತ್ತ ರಾಬಿನ್ ಗುಡ್‌ಫೆಲೋ ಅನ್ನುವುದು ಇಂಗ್ಲಿಷ್ ಜನಪದದ ತುಂಟ ಪುಕ್‌ನ ಇನ್ನೊಂದು ಹೆಸರು. ಎರಡು ನಾಡಿನ ಎರಡು ಕಾಡುಜೀವ ಎದುರಾಗುತ್ತವೆ ಅನ್ನುವುದು ಹೆಸರಿನಲ್ಲೇ ಇದೆ. ಇಂಗ್ಲೆಂಡಿನಿಂದ ಬಂದ ಹುಡುಗಿ ಬರೀ ಹೊರಗಿನವಳಲ್ಲ, ಅವಳ ಜನಕ್ಕೂ ಒಂದು ಕಾಡು ಇತ್ತು ಅಂತ ಚಿತ್ರ ಮೆಲ್ಲಗೆ ಹೇಳುತ್ತದೆ.

ಹಳೇಪಟ:
ಇತಿಹಾಸದ ಕಡೆಯಿಂದ ಒಂದಿಷ್ಟು. ಚಿತ್ರ ನಡೆಯುವುದು 1650ರ ಕಿಲ್ಕೆನಿಯಲ್ಲಿ. ಆ ವರ್ಷದ ಮಾರ್ಚ್ ಕೊನೆಯಲ್ಲಿ ಇಂಗ್ಲಿಷ್ ಸೈನ್ಯದ ಮುಖ್ಯಸ್ಥ ಕ್ರಾಮ್‌ವೆಲ್ ಊರನ್ನು ವಶ ಮಾಡಿಕೊಂಡ, ಮೇ ತಿಂಗಳಲ್ಲಿ ಐರ್ಲೆಂಡ್ ಬಿಟ್ಟ. ಚಿತ್ರ ಅವನ ಹೆಸರು ಹೇಳುವುದಿಲ್ಲ, ‘ಲಾರ್ಡ್ ಪ್ರೊಟೆಕ್ಟರ್’ ಅನ್ನುತ್ತದೆ. ಆ ಪದವಿ ಅವನಿಗೆ ಬಂದದ್ದು 1653ರ ಡಿಸೆಂಬರಿನಲ್ಲಿ. ಚಿತ್ರದಲ್ಲಿ ಅವನು ಜಲಪಾತಕ್ಕೆ ಬಿದ್ದು ಸಾಯುತ್ತಾನೆ. ನಿಜದಲ್ಲಿ 1658ರಲ್ಲಿ ಲಂಡನ್ನಿನಲ್ಲಿ ಕಾಯಿಲೆಯಿಂದ ಸತ್ತ. ಇದನ್ನು ತಪ್ಪು ಅನ್ನುವುದಕ್ಕಿಂತ ಜನಪದದ ನ್ಯಾಯ ಅನ್ನುತ್ತೇನೆ. ಲಾವಣಿಗಳಲ್ಲಿ ದುಷ್ಟ ಅಧಿಕಾರಿ ಯಾವತ್ತೂ ಹಾಸಿಗೆಯಲ್ಲಿ ಸಾಯುವುದಿಲ್ಲ.

ತೋಳಬೇಟೆ ಮಾತ್ರ ಕಲ್ಪನೆ ಅಲ್ಲ. 1652ರ ಏಪ್ರಿಲಿನಲ್ಲಿ ಕಿಲ್ಕೆನಿಯಿಂದಲೇ ಒಂದು ಆದೇಶ ಹೊರಟಿತು: ತೋಳ ಹಿಡಿಯುವ ದೊಡ್ಡ ನಾಯಿಗಳನ್ನು ಹೊರದೇಶಕ್ಕೆ ಸಾಗಿಸಬಾರದು. ಮರುವರ್ಷ ಬಹುಮಾನ ಗೊತ್ತಾಯಿತು. ಹೆಣ್ಣು ತೋಳದ ತಲೆಗೆ 6 ಪೌಂಡ್, ಗಂಡಿಗೆ 5 ಪೌಂಡ್, ತಾನೇ ಬೇಟೆಯಾಡುವಷ್ಟು ಬೆಳೆದ ಮರಿಗೆ 40 ಶಿಲಿಂಗ್, ಹಾಲು ಕುಡಿಯುವ ಮರಿಗೆ 10 ಶಿಲಿಂಗ್. ಆಗ 20 ಶಿಲಿಂಗ್ ಅಂದರೆ ಒಂದು ಪೌಂಡ್. ಹೆಣ್ಣಿಗೇ ಹೆಚ್ಚು ಬೆಲೆ ಕಟ್ಟಿದ್ದು ನೋಡಿ, ಬೇಟೆಗಿಂತ ಸಂತತಿ ಅಳಿಸುವ ಲೆಕ್ಕ ಅದು. ಐರ್ಲೆಂಡಿನ ಕೊನೆಯ ತೋಳ ಕಾರ್ಲೋ ಕೌಂಟಿಯ ಮೌಂಟ್ ಲೆನ್‌ಸ್ಟರ್ ಹತ್ತಿರ 1786ರಲ್ಲಿ ಸತ್ತಿತು ಅನ್ನುವುದು ರೂಢಿಯ ಮಾತು. ಕಾಡು ಕಡಿಯುವುದಕ್ಕೆ ಇನ್ನೊಂದು ಕಾರಣವೂ ಇತ್ತು: ಸೈನ್ಯಕ್ಕೆ ತಲೆಮರೆಸಿಕೊಂಡ ಐರಿಷ್ ಹೋರಾಟಗಾರರು ಅಡಗುತ್ತಿದ್ದದ್ದು ಅಲ್ಲೇ. ಚಿತ್ರದ ಸೌದೆಯವರು, ಬೇಲಿ, ಉರಿಸುವ ಆಜ್ಞೆ ಎಲ್ಲಕ್ಕೂ ಈ ಹಿನ್ನೆಲೆ ಇದೆ.

ಗೀಚುಗೆರೆ:
ಕಡಲಕಾಗೆ ಹೇಳಿದ ‘ಗೆರೆಯಲ್ಲಿ ಜನಪದ’ ಮಾತಿಗೆ ‘ವುಲ್ಫ್‌ವಾಕರ್ಸ್’ಗಿಂತ ದೊಡ್ಡ ಸಾಕ್ಷಿ ಬೇಡ ಮಾರಾಯ್ರೆ. ಊರಿನ ದೃಶ್ಯ ನಿಲ್ಲಿಸಿ ನೋಡಿ. ದಪ್ಪ ಕಪ್ಪು ಗೆರೆ, ಚೌಕ, ಮೂಲೆ. 17ನೇ ಶತಮಾನದ ಮರದಚ್ಚಿನ ಕರಪತ್ರ ಹೇಗಿರುತ್ತಿತ್ತೋ ಹಾಗೆ. ಎಷ್ಟೋ ಕಡೆ ಬಣ್ಣ ಗೆರೆಯೊಳಗೆ ಸರಿಯಾಗಿ ಕೂತಿಲ್ಲ, ಪಕ್ಕಕ್ಕೆ ಜರುಗಿದೆ. ಅಚ್ಚು ತಪ್ಪಿದ ಹಾಳೆಯ ಹಾಗೆ ಬೇಕೆಂದೇ ಮಾಡಿದ್ದು. ಕೋಟೆಯಿಂದ ನೋಡಿದರೆ ಊರು ಹಳೇ ನಕಾಶೆಯಂತೆ ಚಪ್ಪಟೆಯಾಗಿ ಮೇಲೆದ್ದು ನಿಲ್ಲುತ್ತದೆ, ದೂರ ಹತ್ತಿರ ಅನ್ನುವುದೇ ಇಲ್ಲ.

ಕಾಡಿಗೆ ಹೋದ ಕೂಡಲೇ ಪೆನ್ಸಿಲು, ಜಲವರ್ಣ, ದುಂಡು ಆಕಾರ. ಕರಡಿನ ಗೆರೆಗಳನ್ನು ಅಳಿಸದೆ ಬಿಟ್ಟಿದ್ದಾರೆ. ಮೇವ್‌ಳ ಕೂದಲೊಳಗೆ ತಲೆಯ ಗೋಲ ಬರೆದ ಗೆರೆ ಹಾಗೇ ಉಂಟು. ರಾಬಿನ್ ಶುರುವಿನಲ್ಲಿ ಊರಿನ ಗೆರೆಯಲ್ಲಿ ಇರುತ್ತಾಳೆ, ಕತೆ ಸಾಗಿದ ಹಾಗೆ ಅವಳ ಗೆರೆ ಸಡಿಲ ಆಗ್ತಾ ಹೋಗುತ್ತದೆ. ಸಂಭಾಷಣೆ ಇಲ್ಲದೆಯೇ ಅವಳು ಯಾವ ಕಡೆಯವಳು ಅಂತ ಗೊತ್ತಾಗುವುದು ಇದರಿಂದ.

ಎಳೆಚುಕ್ಕಿ:
ತೋಳದ ಕಣ್ಣಿಂದ ನೋಡುವ ದೃಶ್ಯಗಳನ್ನು ಹೇಗೆ ಮಾಡಿದ್ದು? ಕ್ಯಾಮೆರಾ ಮರಗಳ ಮಧ್ಯೆ ನುಗ್ಗುತ್ತದೆ, ಆದರೆ ಅದು ಕಂಪ್ಯೂಟರಿನ ಚಿತ್ರದ ಹಾಗೆ ಕಾಣುವುದಿಲ್ಲ.

ಗೀಚುಗೆರೆ:
ಅದಕ್ಕೆ ಬೇರೆಯೇ ತಂಡ ಇತ್ತು, ಎವಿನ್ ಮಕ್‌ನಮಾರಾ ಮುಂದಾಳು. ಮೊದಲು ವರ್ಚುವಲ್ ರಿಯಾಲಿಟಿಯಲ್ಲಿ ಕಾಡನ್ನು ಒರಟಾಗಿ ಕಟ್ಟಿ ಅದರೊಳಗೆ ಕ್ಯಾಮೆರಾ ಓಡಿಸಿದರು. ಆ ಓಟದ ಒಂದೊಂದು ಚೌಕಟ್ಟನ್ನೂ ಕಾಗದಕ್ಕೆ ಇಳಿಸಿ, ಅದರ ಮೇಲೆ ಇದ್ದಿಲು ಮತ್ತು ಪೆನ್ಸಿಲಿನಲ್ಲಿ ಕೈಯಿಂದ ಬರೆದರು. ವಾಸನೆಯನ್ನು ಬಣ್ಣದ ಎಳೆಯಾಗಿ ಮೇಲೆ ಸೇರಿಸಿದರು. ಲೆಕ್ಕ ಯಂತ್ರದ್ದು, ನಡುಕ ಕೈಯದ್ದು.

ಮನೆಯಲ್ಲಿ ಇದರ ಸಣ್ಣ ಪ್ರಯೋಗ ಮಾಡುವವರಿಗೆ ಕ್ರಮ ಹೇಳುತ್ತೇನೆ. ಮೊಬೈಲು ಹಿಡಿದು ತೋಟದಲ್ಲಿ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ 4 ಸೆಕೆಂಡು ಓಡುವ ವಿಡಿಯೊ ತೆಗೆಯಿರಿ. ಸೆಕೆಂಡಿಗೆ 24 ಚೌಕಟ್ಟಿನಲ್ಲಿ ಒಂದು ಬಿಟ್ಟು ಒಂದು ತೆಗೆದುಕೊಂಡರೆ 12, ಒಟ್ಟು 48 ಹಾಳೆ. ತಿಳಿ ಬೂದು ಬಣ್ಣದಲ್ಲಿ ಮುದ್ರಿಸಿ, ಕೆಳಗೆ ಬೆಳಕಿನ ಹಲಗೆ ಇಟ್ಟು, ಮೇಲೆ ಬೇರೆ ಹಾಳೆ ಹಾಕಿ 4ಬಿ ಪೆನ್ಸಿಲಿನಲ್ಲಿ ಬರೆಯಿರಿ. ಹಾಳೆಗಳನ್ನು ಒಂದೇ ಪಂಚಿನಿಂದ ತೂತು ಮಾಡಿ ಗೂಟಪಟ್ಟಿಗೆ ಸಿಕ್ಕಿಸಲೇಬೇಕು. ಒಂದು ಮಿಲಿಮೀಟರ್ ಜರುಗಿದರೂ ಇಡೀ ಚಿತ್ರ ಗಡಗಡ ನಡುಗುತ್ತದೆ, ಅದು ಚಂದದ ನಡುಕ ಅಲ್ಲ. ಸ್ಕ್ಯಾನ್ 300 ಡಿಪಿಐ ಸಾಕು, ಎಲ್ಲ ಹಾಳೆಗೂ ಒಂದೇ ಬೆಳಕಿನ ಮಟ್ಟ ಇಡಿ. ತಾನಾಗಿ ಸರಿಪಡಿಸುವ ಆಯ್ಕೆ ಬಂದ್ ಮಾಡಿ, ಇಲ್ಲದಿದ್ದರೆ ಬಿಳಿ ಹಿನ್ನೆಲೆ ಮಿನುಗುತ್ತದೆ.

ಇದ್ದಿಲು ಬಳಸುವವರು ಕೆಳಗಿನ ಮೂಲೆಯಿಂದ ಶುರು ಮಾಡಬೇಡಿ, ಅಂಗೈ ಉಜ್ಜಿ ಎಲ್ಲ ಮಸಿ ಆಗುತ್ತದೆ. ಬಲಗೈಯವರು ಎಡ ಮೇಲ್ಮೂಲೆಯಿಂದ ಬನ್ನಿ, ಹಾಳೆ ಮುಗಿದ ಕೂಡಲೇ ಫಿಕ್ಸೆಟಿವ್ (ಇದ್ದಿಲು ಉದುರದಂತೆ ಹಿಡಿಯುವ ಸ್ಪ್ರೇ) ಹೊಡೆಯಿರಿ, ಒಣಗಿಸದೆ ಒಂದರ ಮೇಲೊಂದು ಇಡಬೇಡಿ. ಇನ್ನೊಂದು ತಪ್ಪು ಎಲ್ಲರೂ ಮಾಡುವುದು: ಪ್ರತಿ ಎಲೆಯನ್ನೂ ಬರೆಯುವುದು. ಓಡುವ ತೋಳಕ್ಕೆ ಹತ್ತಿರದ್ದು ಗೀಟಾಗಿ ಹಾಯುತ್ತದೆ, ದೂರದ್ದು ಮಾತ್ರ ನಿಂತು ಕಾಣುತ್ತದೆ. ಅಂಚಿನಲ್ಲಿ ನಾಲ್ಕೈದು ದಪ್ಪ ಗೀಟು, ನಡುವೆ ಸ್ಪಷ್ಟವಾದ ಒಂದು ಮರ ಸಾಕು.

ಬಯಲುಸೀಮೆ:
ನಾನು ‘ಸಾಂಗ್ ಆಫ್ ದ ಸೀ’ ಮ್ಯಾಲ ತಕರಾರ ತಂದೀನಿ. ಮಾಖಾನ್ನ ಯಾಕ ಗೂಬಿ ಮುದುಕಿ ಮಾಡ್ಯಾರ? ಪುರಾಣದಾಗ ಆಕಿ ಅಲ್ಸ್ಟರಿನ ದೇವತಿ. ತುಂಬು ಬಸುರಿ ಇದ್ದಾಗ ಗಂಡನ ಬಡಾಯಿ ಸಲುವಾಗಿ ರಾಜನ ಕುದುರಿ ಜೋಡಿ ಓಡಾಕ ಹಚ್ಚಿದ್ರು. ಆಕಿ ಗೆದ್ದು, ಅಲ್ಲೇ ಅವಳಿ ಹಡದು, ನಿಮಗೂ ಕಷ್ಟಕಾಲದಾಗ ಹೆರಿಗಿ ಬ್ಯಾನಿ ಬರಲಿ ಅಂತ ಅಲ್ಸ್ಟರಿನ ಗಂಡಸರಿಗೆ ಶಾಪ ಕೊಟ್ಲು. ಆರ್ಮಾ ಹತ್ತಿರದ ಏವಿನ್ ಮಾಖಾ ಕೋಟಿಗೆ ಆಕಿದ ಹೆಸರು. ಅಂಥಾಕಿನ್ನ ಭರಣಿಯೊಳಗ ಭಾವನಾ ತುಂಬಿ ಮುಚ್ಚಳ ಹಾಕೋ ಮಾಟಗಾತಿ ಮಾಡಿದ್ದು ನನಗ ಒಪ್ಪಿಗಿಲ್ಲ.

ಕಡಲಕಾಗೆ:
ತಕರಾರು ನ್ಯಾಯವಾದದ್ದೇ. ಪುರಾಣದ ಮಾಖಾ ಮತ್ತು ಚಿತ್ರದ ಮಾಖಾ ನಡುವೆ ಹೆಸರು ಬಿಟ್ಟರೆ ಹೆಚ್ಚೇನೂ ಇಲ್ಲ. ಗೂಬೆಯ ರೂಪಕ್ಕೆ ಮಾತ್ರ ಐರಿಷ್ ಭಾಷೆಯಲ್ಲೇ ದಾರಿ ಇದೆ: ಗೂಬೆಗೆ ಒಂದು ಹೆಸರು ‘ಕ್ಯಾಲ್ಯಾಖ್ ಈಹ’, ಅಂದರೆ ರಾತ್ರಿಯ ಮುದುಕಿ. ಆ ಪದವನ್ನೇ ಬಿಡಿಸಿದರೆ ಚಿತ್ರದ ಮಾಖಾ ಸಿಗುತ್ತಾಳೆ.

ಮ್ಯಾಕ್ ಲಿರ್ ಕೂಡ ಹಾಗೇ. ಪುರಾಣದಲ್ಲಿ ಮನನಾನ್ ಮ್ಯಾಕ್ ಲಿರ್ ಕಡಲ ದೇವರು, ಅಲೆಗಳ ಮೇಲೆ ರಥ ಓಡಿಸುವವನು. ಮಗನ ದುಃಖ ನೋಡಲಾಗದೆ ತಾಯಿ ಮಾಖಾ ಅವನನ್ನು ಕಲ್ಲು ಮಾಡಿದಳು ಅನ್ನುವುದು ಚಿತ್ರದ ಸೃಷ್ಟಿ. ಯಾಕೆ ಬೇಕಾಯಿತು ಅಂದರೆ ಈ ಚಿತ್ರದಲ್ಲಿ ಪುರಾಣದ ಒಬ್ಬೊಬ್ಬರಿಗೂ ಮನೆಯ ಒಬ್ಬೊಬ್ಬರು ಜೋಡಿ. ದನಿ ಕೇಳಿ: ಅಪ್ಪ ಕಾನರ್ ಮತ್ತು ಮ್ಯಾಕ್ ಲಿರ್ ಇಬ್ಬರಿಗೂ ಬ್ರೆಂಡನ್ ಗ್ಲೀಸನ್, ಅಜ್ಜಿ ಮತ್ತು ಮಾಖಾ ಇಬ್ಬರಿಗೂ ಫಿನ್ಯೂಲಾ ಫ್ಲಾನಗನ್, ದೋಣಿಯ ಡ್ಯಾನ್ ಮತ್ತು ಕೂದಲೆಳೆಗೊಂದು ಕತೆ ಕಟ್ಟಿಕೊಂಡ ಮಹಾ ಶ್ಯಾನಖಿ (ಕತೆಗಾರ) ಇಬ್ಬರಿಗೂ ಜಾನ್ ಕೆನಿ. ಹೆಂಡತಿ ಹೋದ ಮೇಲೆ ಕಲ್ಲಾದ ಅಪ್ಪ, ಒಳ್ಳೆಯದೇ ಮಾಡುತ್ತೇನೆಂದು ಮಕ್ಕಳನ್ನು ಕಡಲಿನಿಂದ ಕಿತ್ತುಕೊಂಡು ಹೋಗುವ ಅಜ್ಜಿ. ಮಾಖಾ ಕೆಟ್ಟವಳಲ್ಲ, ನೋವು ತೆಗೆದರೆ ಸುಖ ಅಂತ ನಿಜವಾಗಿ ನಂಬಿದವಳು. ಈ ಜೋಡಣೆ ನನಗೆ ಇಷ್ಟ. ಹೆಸರು ಮಾತ್ರ ಬೇರೆ ಇಟ್ಟಿದ್ದರೆ ಚೆನ್ನಾಗಿತ್ತು.

ಬಯಲುಸೀಮೆ:
ದನಿದು ಗೊತ್ತಿರಲಿಲ್ರಿ. ಇನ್ನೊಮ್ಮಿ ನೋಡ್ತೀನಿ. ಹೆಸರಿನ ಮಾತಿಗೆ ಮಾತ್ರ ನಾ ಹಟ ಬಿಡಂಗಿಲ್ಲ.

ಹಳೇಪಟ:
ಈ ಚಿತ್ರದ ತಾಯಿ, ಮಗಳು ಸೆಲ್ಕಿಗಳು, ಅಂದರೆ ಹೊದಿಕೆ ಕಳಚಿದರೆ ಮನುಷ್ಯರಾಗುವ ಸೀಲ್‌ಗಳು (ಕಡಲ ಪ್ರಾಣಿ). ಆ ಹೆಸರಿನ ಬಗ್ಗೆ ಒಂದು ಮಾತು. ‘ಸೆಲ್ಕಿ’ ಐರಿಷ್ ಪದ ಅಲ್ಲ, ಅದು ಸ್ಕಾಟ್ಲೆಂಡಿನ ಆರ್ಕ್ನಿ, ಶೆಟ್ಲೆಂಡ್ ಕಡೆಯ ಮಾತು, ಸೀಲ್ ಅಂತಲೇ ಅರ್ಥ. ಐರಿಷ್‌ನಲ್ಲಿ ಸೀಲ್‌ಗೆ ‘ರೋನ್’. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಹೆಚ್ಚು ಕೇಳುವುದು ಕಡಲ ಕನ್ಯೆಯ ಕತೆ: ದಡದಲ್ಲಿ ಕೂತವಳ ಟೊಪ್ಪಿಗೆಯನ್ನೋ ಮೇಲುಹೊದಿಕೆಯನ್ನೋ ಒಬ್ಬ ಮೀನುಗಾರ ಕದ್ದು ಅಟ್ಟದಲ್ಲಿ ಬಚ್ಚಿಡುತ್ತಾನೆ, ಮದುವೆಯಾಗುತ್ತಾನೆ, ವರ್ಷಗಳ ಮೇಲೆ ಅದು ಅವಳ ಕೈಗೆ ಸಿಕ್ಕ ದಿನ ಮಕ್ಕಳನ್ನೂ ಬಿಟ್ಟು ಕಡಲಿಗೆ ಹೋಗುತ್ತಾಳೆ. ಸೀಲ್ ವಂಶದವರು ಅನ್ನುವ ನಂಬಿಕೆಯೂ ಇದೆ, ಕಾನಮಾರಾದ ಕನೀಲಿ ಮನೆತನದ ಬಗ್ಗೆ ಹಾಗೆ ಹೇಳುತ್ತಾರೆ.

ಚಿತ್ರ ಇಲ್ಲಿ ದೊಡ್ಡ ಬದಲಾವಣೆ ಮಾಡಿದೆ. ಕಾನರ್ ಹೆಂಡತಿಯ ಹೊದಿಕೆ ಕದ್ದವನಲ್ಲ. ಆ ಹೆಂಡತಿ ಬ್ರೋನಾಖ್ ಹೋಗುವುದು ಹುಟ್ಟುವ ಮಗುವನ್ನು ಉಳಿಸಲು. ಕದ್ದು ಬಚ್ಚಿಡುವ ಕೆಲಸ ಮುಂದಿನ ತಲೆಮಾರಿಗೆ ಸರಿಯುತ್ತದೆ: ಅಪ್ಪ ಮಗಳ ಹೊದಿಕೆಯನ್ನು ಪೆಟ್ಟಿಗೆಯಲ್ಲಿ ಬೀಗ ಹಾಕುತ್ತಾನೆ, ಆಮೇಲೆ ಸಮುದ್ರಕ್ಕೆ ಎಸೆಯುತ್ತಾನೆ. ಹಳೇ ಕತೆಯಲ್ಲಿ ಅದು ಹೆಣ್ಣನ್ನು ಹಿಡಿದಿಡುವ ಗಂಡಿನ ಆಸೆ, ಇಲ್ಲಿ ಇನ್ನೊಬ್ಬರನ್ನೂ ಕಳೆದುಕೊಳ್ಳುವ ಭಯ. ಜನಪದದ ಮೂಳೆ ಮುರಿಯದೆ ಅರ್ಥ ಹೊರಳಿಸುವುದು ಅಂದರೆ ಇದೇ. ಮೂರು ಚಿತ್ರಗಳಲ್ಲೂ ನನಗೆ ಅತ್ಯಂತ ಜಾಣ್ಮೆಯ ಬದಲಾವಣೆ ಇದು.

ಎಳೆಚುಕ್ಕಿ:
‘ಕೆಲ್ಸ್’ ಬಗ್ಗೆ ಯಾರೂ ಇನ್ನೂ ಬಾಯಿ ಬಿಟ್ಟಿಲ್ಲ. ಚಿತ್ರದ ಕೇಂದ್ರದಲ್ಲಿರುವ ಪುಸ್ತಕ ನಿಜವಾದದ್ದು: ಬುಕ್ ಆಫ್ ಕೆಲ್ಸ್, ಬೈಬಲ್ಲಿನ ಸುವಾರ್ತೆಗಳ ಚಿತ್ರಮಯ ಹಸ್ತಪ್ರತಿ, ಸುಮಾರು ಕ್ರಿ.ಶ. 800ರದು, ಕರುವಿನ ತೊಗಲಿನ 340 ಹಾಳೆ, ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ. ಚಿತ್ರದ ಕೊನೆಯಲ್ಲಿ ಜೀವ ತಳೆಯುವ ಪುಟ ಅದರ 34ನೇ ಹಾಳೆಯ ಮುಂಬದಿ, ಕೈ ರೋ (ಕ್ರಿಸ್ತನ ಹೆಸರಿನ ಮೊದಲ ಎರಡು ಗ್ರೀಕ್ ಅಕ್ಷರ) ಪುಟ. ಅದರ ಕೆಳಗೆ ಹುಡುಕಿದರೆ ರೊಟ್ಟಿ ಕಡಿಯುವ ಎರಡು ಇಲಿ, ಅವನ್ನು ನೋಡುತ್ತ ಕೂತ ಬೆಕ್ಕುಗಳು, ಮೀನು ಹಿಡಿದ ನೀರುನಾಯಿ ಸಿಗುತ್ತವೆ. ಚಿತ್ರಕ್ಕೆ ಬೆಕ್ಕು ಬಂದದ್ದು ಸುಮ್ಮನೆ ಅಲ್ಲ.

ಗಂಟುಚಿತ್ರಗಳ ಬಗ್ಗೆ ಹೇಳಲೇಬೇಕು, ಯಾಕೆಂದರೆ ಎಳೆ ರಂಗೋಲಿ ಗೊತ್ತಿದ್ದವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ಎರಡರ ಲೆಕ್ಕ ಒಂದೇ. ಚೌಕ ಕಾಗದದಲ್ಲಿ 2 ಸೆಂಟಿಮೀಟರ್ ಅಂತರದಲ್ಲಿ 5 ಚುಕ್ಕಿಯ 3 ಸಾಲು ಇಡಿ. ಅಕ್ಕಪಕ್ಕದ, ಮೇಲೆಕೆಳಗಿನ ಪ್ರತಿ ಎರಡು ಚುಕ್ಕಿಗಳ ನಡುವೆ ಒಂದು ಸಣ್ಣ ಗುಣಾಕಾರ ಚಿಹ್ನೆ ಹಾಕಿ. ಒಟ್ಟು 22 ಆಗಬೇಕು. ಚಿಹ್ನೆಗಳ ಕೈಗಳನ್ನು ಓರೆಯಾಗಿ ಸೇರಿಸುತ್ತ ಹೋಗಿ, ಅಂಚಿಗೆ ಬಂದಾಗ ಚುಕ್ಕಿಯನ್ನು ಸುತ್ತಿ ಹೊರಳಿಸಿ. ಒಂದೇ ಗೆರೆಯಲ್ಲಿ ಇಡೀ ಚಿತ್ರ ಮುಗಿಯುತ್ತದೆ. ಎಷ್ಟು ಗೆರೆ ಬೇಕೆಂಬುದು ಸಾಲು ಮತ್ತು ಕಂಬಗಳ ಮಹತ್ತಮ ಸಾಮಾನ್ಯ ಅಪವರ್ತನ: 5 ಮತ್ತು 3ಕ್ಕೆ 1, 4 ಮತ್ತು 6ಕ್ಕೆ 2, 3 ಮತ್ತು 3ಕ್ಕೆ 3.

ರಂಗೋಲಿ ಇಲ್ಲಿಗೆ ನಿಲ್ಲುತ್ತದೆ, ಕೆಲ್ಸ್ ಇಲ್ಲಿಂದ ಶುರು. ಗೆರೆಯನ್ನು 7 ಮಿಲಿಮೀಟರ್ ಅಗಲದ ಪಟ್ಟಿ ಮಾಡಿ. ಎಲ್ಲೋ ಒಂದು ಕಡೆ ಶುರು ಮಾಡಿ ಒಂದು ದಾಟು ಮೇಲೆ, ಮುಂದಿನದು ಕೆಳಗೆ, ಹೀಗೆ ಹೋಗಿ. ಒಂದು ಸುತ್ತಿನಲ್ಲಿ 44 ಸಲ ದಾಟುತ್ತೀರಿ, 22 ಮೇಲೆ, 22 ಕೆಳಗೆ. ತಾಳೆ ಬರದಿದ್ದರೆ ಒಂದು ದಾಟು ಎಣಿಸದೆ ಬಿಟ್ಟಿದ್ದೀರಿ, ಅಥವಾ ಒಂದೇ ಬಿಂದುವಿನಲ್ಲಿ ಮೂರು ಗೆರೆ ಸೇರಿಸಿದ್ದೀರಿ. ಆಮೇಲೆ ಬೇಕಾದ ಕಡೆ ದಾಟನ್ನು ಮುರಿದು ಎರಡು ಬಾಗಿದ ಗೆರೆ ಮಾಡಿ. ಆಗ ಜಾಳಿಗೆ ಹೋಗಿ ಗಂಟು, ಹೃದಯ, ಹಾವು ಕಾಣತೊಡಗುತ್ತವೆ. ಒಂದೊಂದು ಮುರಿತದ ನಂತರವೂ ಗೆರೆ ಎಷ್ಟಾಯಿತು ಅಂತ ಬೆರಳಿಟ್ಟು ಹಿಂಬಾಲಿಸಿ ನೋಡಿ. ಐದಾರು ಮುರಿದ ಮೇಲೆ ನೋಡಿದರೆ ಎಲ್ಲಿ ಒಡೆಯಿತು ಅಂತ ಹುಡುಕುವುದು ಕಷ್ಟ. ಚಿತ್ರದ ನಾಯಕ ಪುಟ್ಟ ಬ್ರೆಂಡನ್ ಸೀಮೆಸುಣ್ಣದಿಂದ ದೈತ್ಯ ಹಾವು ಕ್ರೋಮ್‌ನನ್ನು ಗೆರೆಯೊಳಗೆ ಹಿಡಿಯುವ ದೃಶ್ಯ ಇದನ್ನು ಕೈಯಾರೆ ಬರೆದವರಿಗೆ ಬೇರೆಯದೇ ಆಗಿ ಕಾಣುತ್ತದೆ.

ಬಯಲುಸೀಮೆ:
ಕ್ರೋಮ್ ಹಾವೇನು ಹಳೇ ನಂಬಿಕಿನ?

ಹಳೇಪಟ:
ಕ್ರೋಮ್ ಕ್ರೂಅಖ್ ಹಳೆಯವನೇ, ಹಾವಿನ ರೂಪ ಚಿತ್ರದ್ದು. ಮಧ್ಯಯುಗದ ಸ್ಥಳಪುರಾಣಗಳ ಪ್ರಕಾರ ಕ್ಯಾವನ್ ಕೌಂಟಿಯ ಮಾಯ್ ಶ್ಲೇಖ್ಟ್ ಬಯಲಿನಲ್ಲಿ ಅವನ ವಿಗ್ರಹ ಇತ್ತು, ಸುತ್ತ ಹನ್ನೆರಡು ಚಿಕ್ಕ ವಿಗ್ರಹ. ಸಂತ ಪ್ಯಾಟ್ರಿಕ್ ತನ್ನ ದಂಡದಿಂದ ಅದನ್ನು ಬೀಳಿಸಿದ ಅನ್ನುತ್ತವೆ. ಚಿತ್ರದ ಅಬಟ್ (ಮಠಾಧಿಪತಿ) ಕೆಲಾಖ್ ಕೂಡ ದಾಖಲೆಯಲ್ಲಿ ಇರುವವನು: ಐಯೋನಾ ದ್ವೀಪದ ಮಠದ ಮುಖ್ಯಸ್ಥ. 806ರಲ್ಲಿ ವೈಕಿಂಗರು ಅಲ್ಲಿ 68 ಜನರನ್ನು ಕೊಂದ ಮೇಲೆ ಕೆಲ್ಸ್‌ನಲ್ಲಿ ಹೊಸ ಮಠ ಎದ್ದದ್ದು ಅವನ ಕಾಲದಲ್ಲೇ. ಚಿತ್ರದ ಎತ್ತರದ ದುಂಡು ಗೋಪುರ ಮಾತ್ರ ಕಾಲಕ್ಕೆ ಹೊಂದುವುದಿಲ್ಲ. ಅಂಥ ಗೋಪುರದ ಮೊದಲ ಉಲ್ಲೇಖ 950ರದು, ಸ್ಲೇನ್ ಊರಿನಲ್ಲಿ ಸುಟ್ಟದ್ದರ ಬಗ್ಗೆ.

ಮಸಿಕುಡಿಕೆ:
ಮಸಿಯ ವಿಷಯಕ್ಕೆ ನಾನು ಬಂದೆ. ಚಿತ್ರದಲ್ಲಿ ಪುಸ್ತಕ ಬರೆಯುವ ಏಡನ್ ಗುರುಗಳು ಬ್ರೆಂಡನ್‌ನನ್ನು ಕಾಡಿಗೆ ಕಳಿಸಿ ಓಕ್ ಮರದ ಕಾಯಿ ತರಿಸಿ ಪಚ್ಚೆ ಹಸಿರು ಮಸಿ ಮಾಡುತ್ತಾರಲ್ಲ, ಅಲ್ಲಿ ಚಿತ್ರ ಎಡವಿದೆ. ಅದು ಕಾಯಿಯೂ ಅಲ್ಲ, ಕಣಜದಂಥ ಹುಳ ಮೊಟ್ಟೆಯಿಟ್ಟ ಕಡೆ ಮರ ಬೆಳೆಸುವ ಗಂಟು. ಅದರಿಂದ ಹಸಿರು ಬರುವುದಿಲ್ಲ, ಕಪ್ಪು ಬರುತ್ತದೆ. ಕೆಲ್ಸ್ ಪುಸ್ತಕದ ಹಸಿರು ಎರಡು ಬಗೆ: ಒಂದು ತಾಮ್ರದ ಕಿಲುಬು, ಇನ್ನೊಂದು ಹಳದಿ ಹರಿತಾಳಕ್ಕೆ ನೀಲಿ ಬೆರೆಸಿದ್ದು. ಕಿಲುಬು ಎಷ್ಟೋ ಕಡೆ ತೊಗಲನ್ನೇ ತಿಂದುಹಾಕಿದೆ. ನೀಲಿ ಅಫ್ಘಾನಿಸ್ತಾನದ ರಾಜಾವರ್ತ ಕಲ್ಲು ಅಂತ ಬಹಳ ಕಾಲ ಹೇಳುತ್ತಿದ್ದರು. ಬೆಳಕಿನ ಕಿರಣ ಬಿಟ್ಟು ಪರೀಕ್ಷಿಸಿದಾಗ ಸಿಕ್ಕಿದ್ದು ಗಿಡದ ನೀಲಿ.

ಆ ಗಂಟಿನ ಮಸಿ ಮಾಡಲು ನಮಗೆ ಓಕ್ ಕಾಡು ಬೇಕಿಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಮಕ್ಕಳಿಗೆ ತೇಯ್ದು ಕೊಡುವ ಮಾಚಿಕಾಯಿ ಇದೆಯಲ್ಲ, ಅದು ಪಶ್ಚಿಮ ಏಷ್ಯಾ ಕಡೆಯ ಓಕ್ ಮರದ ಗಂಟೇ. 60 ಗ್ರಾಂ ಮಾಚಿಕಾಯಿಯನ್ನು ರವೆಯಷ್ಟು ಕುಟ್ಟಿ 600 ಮಿಲಿಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಬಟ್ಟೆಯಲ್ಲಿ ಸೋಸಿ. 40 ಗ್ರಾಂ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಕರಗಿಸಿ ಸೇರಿಸಿ, ಕೂಡಲೇ ಕಪ್ಪಾಗುತ್ತದೆ. 20 ಗ್ರಾಂ ಗೋಂದು ಪುಡಿ ಹಾಕಿ ಕಲಕಿ ಒಂದು ದಿನ ಇಡಿ. ಗಾಜು ಅಥವಾ ಪಿಂಗಾಣಿ ಪಾತ್ರೆಯೇ ಬೇಕು, ಅಡುಗೆ ಪಾತ್ರೆ ಬೇಡ.

ಬರೆದ ಕೂಡಲೇ ಮಸಿ ಪೇಲವವಾಗಿ ಕಂಡರೆ ಚೆಲ್ಲಬೇಡಿ, ಗಾಳಿ ತಾಗಿ ಕಪ್ಪಾಗುತ್ತ ಹೋಗುತ್ತದೆ. ಅನ್ನಭೇದಿ ತಿಳಿ ಹಸಿರು ಹರಳಾಗಿರಬೇಕು, ಕಂದು ಪುಡಿಯಾಗಿದ್ದರೆ ಹಳೆಯದು. ಅದನ್ನು ಹೆಚ್ಚು ಹಾಕಿದರೆ ಕಪ್ಪು ಹೆಚ್ಚುವುದಿಲ್ಲ, ಕಾಗದ ಸುಡುತ್ತದೆ: ಕೆಲವು ವರ್ಷದಲ್ಲಿ ಅಕ್ಷರದ ಸುತ್ತ ಕಂದು ಕಲೆ, ಆಮೇಲೆ ಅಕ್ಷರವೇ ತೂತು. ಗೋಂದು ಕಡಿಮೆಯಾದರೆ ಕಾಗದದಲ್ಲಿ ಹರಡುತ್ತದೆ, ಹೆಚ್ಚಾದರೆ ಮೊನೆಯಿಂದ ಇಳಿಯುವುದಿಲ್ಲ. ಬೂಷ್ಟು ಬರದಿರಲು ಎರಡು ಲವಂಗ ಹಾಕಿ. ಅದ್ದಿ ಬರೆಯುವ ಲೇಖನಿ ಮಾತ್ರ ಬಳಸಿ, ಇಂಕ್ ಪೆನ್ನಿಗೆ ತುಂಬಿದರೆ ಪೆನ್ನು ಹೋಯಿತು. ಹರಿತಾಳ ಮಾತ್ರ ಯಾರೂ ಮನೆಯಲ್ಲಿ ಮುಟ್ಟಬೇಡಿ, ಅದರಲ್ಲಿ ಇರುವುದು ಪಾಷಾಣ.

ಗೀಚುಗೆರೆ:
ಮಾಚಿಕಾಯಿ ಮತ್ತು ಕೆಲ್ಸ್ ಒಂದೇ ಗಂಟು ಅಂತ ಇವತ್ತು ಗೊತ್ತಾಯ್ತು ಮಾರಾಯ್ರೆ! ಈ ಮಸಿಯಲ್ಲಿ ಎಳೆಚುಕ್ಕಿಯವರ 5–3 ಗಂಟು ಬರೆಯಬಹುದಾ?

ಮಸಿಕುಡಿಕೆ:
ಅಂಚಿಗೆ ಬರೆಯಬಹುದು. ಪಟ್ಟಿಯೊಳಗೆ ತುಂಬಬೇಡಿ, ದೊಡ್ಡ ಜಾಗಕ್ಕೆ ಬಳಿದರೆ ಕಾಗದ ಸುಕ್ಕಾಗಿ ಬಿರಿಯುತ್ತದೆ. ಕೆಲ್ಸ್‌ನವರೂ ಅಂಚಿಗೆ ಮಸಿ, ಒಳಗೆ ಬಣ್ಣ ಅನ್ನುವ ಕ್ರಮದಲ್ಲೇ ಹೋಗಿದ್ದಾರೆ.

ಬಯಲುಸೀಮೆ:
ಕಡೀಗೆ ಹೆಸರು ಹೆಂಗ ಅನ್ನಬೇಕು ಅಂತ ಹೇಳ್ರಿ. ಬರದದ್ದು ಒಂದು, ಅನ್ನೋದು ಒಂದು ಆಗೇತಿ.

ಕಡಲಕಾಗೆ:
ಚಿತ್ರಗಳಲ್ಲಿ ಕೇಳುವ ಹಾಗೆ: ‘ಸಾಂಗ್ ಆಫ್ ದ ಸೀ’ಯ ಹುಡುಗಿ ಸೀರ್ಷಾ, ಅರ್ಥ ಸ್ವಾತಂತ್ರ್ಯ. ಅವಳ ತಾಯಿ ಬ್ರೋನಾಖ್, ದುಃಖಿ. ನಾಯಿ ಕೂ, ಅಂದರೆ ಬೇಟೆನಾಯಿ. ‘ಕೆಲ್ಸ್’ನ ಕಾಡಿನ ಹುಡುಗಿ ಆ್ಯಶ್ಲಿಂಗ್, ಕನಸು. 18ನೇ ಶತಮಾನದಲ್ಲಿ ಐರ್ಲೆಂಡ್ ಹೆಣ್ಣಾಗಿ ಕನಸಿನಲ್ಲಿ ಬರುವ ಕಾವ್ಯಪ್ರಕಾರಕ್ಕೂ ಇದೇ ಹೆಸರು. ಕಿನ್ನರ ಜನ ಶೀ, ಅವರು ಹೊರಬರುವ ಹಬ್ಬ ಸೌವಿನ್, ಅಕ್ಟೋಬರ್ 31ರ ರಾತ್ರಿ ಶುರು. ‘ಸಾಂಗ್ ಆಫ್ ದ ಸೀ’ಗೆ ಐರಿಷ್ ಭಾಷೆಯ ಆವೃತ್ತಿಯೂ ಇದೆ. ಸಿಕ್ಕರೆ ಅದನ್ನೇ ಸಬ್‌ಟೈಟಲ್ ಹಾಕಿ ನೋಡಿ.

‘ಕೆಲ್ಸ್’ ನೋಡುವವರು ಕೊನೆಯ ಹೆಸರುಗಳ ಪಟ್ಟಿ ಬಂದಾಗ ಮುಂದಿನ ಚಿತ್ರಕ್ಕೆ ಹಾರಬೇಡಿ. ಬಿಳಿ ಬೆಕ್ಕು ಪಂಗರ್ ಬಾನ್ ಹೆಸರು 9ನೇ ಶತಮಾನದ ಒಂದು ಐರಿಷ್ ಪದ್ಯದ್ದು. ಬೆಕ್ಕು ಇಲಿ ಹಿಡಿಯುತ್ತದೆ, ನಾನು ಅರ್ಥ ಹಿಡಿಯುತ್ತೇನೆ, ಇಬ್ಬರೂ ಒಂದೇ ಕೋಣೆಯಲ್ಲಿ ಅವರವರ ಕೆಲಸದಲ್ಲಿ ಅಂತ ಒಬ್ಬ ಸನ್ಯಾಸಿ ಬರೆದದ್ದು. ಅದರ ಹಸ್ತಪ್ರತಿ ಆಸ್ಟ್ರಿಯಾದ ಒಂದು ಮಠದಲ್ಲಿದೆ. ಹೆಸರುಗಳು ಓಡುವಾಗ ಆ ಪದ್ಯವನ್ನು ಏಡನ್‌ಗೆ ದನಿ ಕೊಟ್ಟ ಮಿಕ್ ಲಾಲಿ ಐರಿಷ್‌ನಲ್ಲಿ ಓದುತ್ತಾರೆ.